ಕಿಕ್ ಡ್ರಮ್ ಟ್ರ್ಯಾಕ್ ಕೇಳದೆ ಪೂರ್ತಿ ದುಡ್ಡು ಕೊಡಬೇಡಿ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆ ಈಗ ಸ್ವಂತ ಹಾಡು ಮಾಡುವ ಹುಡುಗರು ಜಾಸ್ತಿ ಆಗಿದ್ದಾರೆ. ಖುಷಿಯ ವಿಷಯ. ಆದರೆ ದುಡ್ಡು ಕೊಟ್ಟು ಡ್ರಮ್ಸ್ ರೆಕಾರ್ಡ್ ಮಾಡಿಸುವುದಿದ್ದರೆ ದಯವಿಟ್ಟು ಇದನ್ನೊಮ್ಮೆ ಓದಿ. ನಮ್ಮ ತಂಡಕ್ಕೆ ಆದದ್ದು ನಿಮಗೆ ಆಗಬಾರದು.

ನಾವು ಹೋದ ಸ್ಟುಡಿಯೋದಲ್ಲಿ ಭಜನೆ, ಯಕ್ಷಗಾನದ ಪದ ಎಲ್ಲ ಚೆನ್ನಾಗಿಯೇ ರೆಕಾರ್ಡ್ ಆಗುತ್ತದೆ. ಆದರೆ ಚೆಂಡೆಯ ಸ್ವರ ಚೂಪು, ಕಿಕ್‌ನದ್ದು (ಡ್ರಮ್ ಸೆಟ್ಟಿನಲ್ಲಿ ಕಾಲಿನಿಂದ ಪೆಡಲ್ ತುಳಿದು ಬಾರಿಸುವ ದೊಡ್ಡ ಡ್ರಮ್ಮಿನದ್ದು) ದಪ್ಪ. ಸುಮಾರು 50ರಿಂದ 100 ಹರ್ಟ್ಸ್‌ನ ತಗ್ಗು ಸ್ವರದಲ್ಲೇ ಅದರ ಜೀವ ಇರುವುದು. ಅದಕ್ಕೆಂದೇ ಎಕೆಜಿ ಡಿ112, ಶೂರ್ ಬೀಟಾ 52ಎ ಥರದ ಮೈಕ್‌ಗಳಿವೆ. ಅಲ್ಲಿ ಅಂಥದ್ದೊಂದೂ ಇರಲಿಲ್ಲ. ಹಾಡುವ ಮೈಕನ್ನೇ ತಂದು ಮುಂದಿನ ಹೆಡ್‌ನ (ಡ್ರಮ್ಮಿಗೆ ಬಿಗಿದ ಹಾಳೆಯ) ತೂತಿಗೆ ನೇರ ಇಟ್ಟರು. ಪೆಡಲ್ ತುಳಿದಾಗಲೆಲ್ಲ ಆ ತೂತಿನಿಂದ ಗಾಳಿ ನುಗ್ಗಿ ಬರುತ್ತದೆ. ಮೈಕಿಗೆ ಅದೇ ಬಡಿದು ಭುಸ್ ಭುಸ್ ಅಂತ ಕೇಳುತ್ತಿತ್ತು. ಮೈಕನ್ನು ಒಂದು ಗೇಣು ಒಳಗೆ ತಳ್ಳಿ, ಸ್ವಲ್ಪ ಓರೆ ಮಾಡಿದ್ದರೆ ಸಾಕಿತ್ತು. ಬೀಟರ್ (ಹೆಡ್ಡಿಗೆ ಬಡಿಯುವ ಪೆಡಲಿನ ಸುತ್ತಿಗೆ) ಹತ್ತಿರ ಹೋದಷ್ಟು 'ಟಕ್' ಜಾಸ್ತಿ, ಹಿಂದೆ ಬಂದಷ್ಟು 'ಧುಂ' ಜಾಸ್ತಿ.

ಗೇನ್ (ಮೈಕಿನ ಸ್ವರ ಏರಿಸುವ ಮಟ್ಟ) ಕೂಡ ಮಿತಿಮೀರಿತ್ತು. ಪ್ರತಿ ಏಟಿಗೂ ಕೆಂಪು ಲೈಟ್.

"ಅಣ್ಣ, ಕೆಂಪು ಬರ್ತಾ ಉಂಟಲ್ಲ?" ಅಂತ ನಮ್ಮ ಡ್ರಮ್ಮರ್ ಹುಡುಗ ಕೇಳಿದ.

"ಏನಾಗುದಿಲ್ಲ ಮಾರಾಯ, ಮಿಕ್ಸಿಂಗಲ್ಲಿ ಸರಿ ಮಾಡುವ."

ಈ ಮಾತು ಕೇಳಿದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಿ. ಅಲೆಯ ತುದಿ ಒಮ್ಮೆ ಕತ್ತರಿಸಿ ಹೋದರೆ ಅದು ಇದ್ದ ಹಾಗೆ ವಾಪಸ್ ಬರುವುದಿಲ್ಲ. 24 ಬಿಟ್ ರೆಕಾರ್ಡಿಂಗಿನಲ್ಲಿ ಜೋರು ಏಟು ಮೀಟರಿನ ಮೈನಸ್ 10 ಡೆಸಿಬಲ್ ಹತ್ತಿರ ನಿಂತರೆ ಧಾರಾಳ ಆಯಿತು.

ಎಲ್ಲಕ್ಕಿಂತ ದೊಡ್ಡ ನಷ್ಟ ಆದದ್ದು ಎರಡನೇ ಮೈಕಿನಿಂದ. ಅದನ್ನು ಪೆಡಲ್ ಬದಿಗೆ ಇಟ್ಟಿದ್ದರು. ಇಡಬಾರದು ಅಂತಲ್ಲ. ಆದರೆ ಬೀಟರ್ ಬಿದ್ದಾಗ ಹೆಡ್ ಆ ಮೈಕಿನಿಂದ ದೂರ ಹೋಗುತ್ತದೆ, ಮುಂದಿನ ಮೈಕಿನ ಕಡೆಗೆ ಬರುತ್ತದೆ. ಒಂದರಲ್ಲಿ ಅಲೆ ಮೇಲೆ, ಇನ್ನೊಂದರಲ್ಲಿ ಕೆಳಗೆ. ಎರಡನ್ನೂ ಕೂಡಿಸಿದರೆ ದಪ್ಪ ಸ್ವರವೇ ಮಾಯ. ಒಂದು ಮೈಕಿನ ಪೋಲಾರಿಟಿ ಬಟನ್ (ಅಲೆಯನ್ನು ತಲೆಕೆಳಗು ಮಾಡುವಂಥದ್ದು) ಒತ್ತಬೇಕು, ಅಷ್ಟೇ. ಒತ್ತಿ, ಬಿಟ್ಟು, ಎರಡೂ ಥರ ಕೇಳಿ. ಯಾವುದರಲ್ಲಿ ಸ್ವರ ತುಂಬಿ ಬರುತ್ತದೋ ಅದನ್ನು ಇಟ್ಟುಕೊಳ್ಳಿ. ಅಲ್ಲಿ ಯಾರೂ ಅದನ್ನು ನೋಡಲಿಲ್ಲ. ಸಾಲದ್ದಕ್ಕೆ ಎರಡೂ ಮೈಕನ್ನು ಒಂದೇ ಟ್ರ್ಯಾಕಿಗೆ ಸೇರಿಸಿಬಿಟ್ಟರು. ಬೇರೆಬೇರೆ ಇದ್ದಿದ್ದರೆ ಆಮೇಲಾದರೂ ತಿರುಗಿಸಬಹುದಿತ್ತು.

ಅಲ್ಲಿ ನಮಗೆ ಕೇಳಿಸಿದ್ದು ಪುಟ್ಟ ಸ್ಪೀಕರಿನಲ್ಲಿ. ಅಂಥದ್ದರಲ್ಲಿ 60 ಹರ್ಟ್ಸ್ ಸರಿಯಾಗಿ ಬರುವುದೇ ಇಲ್ಲ. ಮಂಗಳೂರಿನಲ್ಲಿ ಮಿಕ್ಸಿಂಗಿಗೆ ಕೊಟ್ಟಾಗ ಅವರು ಫೈಲ್ ತೆರೆದು ತೋರಿಸಿದರು: ಅಲೆಗಳ ತಲೆ ಸಾಲಾಗಿ ಚಪ್ಪಟೆ, ಒಂದೇ ಎತ್ತರಕ್ಕೆ ಕೊಯ್ದ ಬೇಲಿಯ ಹಾಗೆ. ಕೊನೆಗೆ ಅವನ ಏಟಿನ ಬದಲು ರೆಡಿಮೇಡ್ ಕಿಕ್ ಸ್ಯಾಂಪಲ್ (ಮೊದಲೇ ರೆಕಾರ್ಡ್ ಆಗಿರುವ ಏಟಿನ ಸ್ವರ) ಹಾಕಬೇಕಾಯಿತು. ನಮ್ಮ ಡ್ರಮ್ಮರ್ ಹುಡುಗ ಪಲ್ಲವಿಗೆ ಮೆಲ್ಲಗೆ, ಚರಣಕ್ಕೆ ಗಟ್ಟಿಯಾಗಿ ತುಳಿದಿದ್ದ. ಅದೆಲ್ಲ ಹೋಯಿತು. ನನಗೆ ದುಡ್ಡಿಗಿಂತ ಅದರದ್ದೇ ಬೇಜಾರು.

ಸ್ಟುಡಿಯೋದವರನ್ನು ಕೇಳಿದರೆ "ನಿಮ್ಮ ಡ್ರಮ್ಮೇ ಸರಿ ಇಲ್ಲ" ಅಂದರು. ಸುಳ್ಳು. ಆಮೇಲೆ ಅದೇ ಡ್ರಮ್ಮಿನೊಳಗೆ ಎರಡೂ ಹೆಡ್ಡಿಗೆ ತಾಗುವ ಹಾಗೆ ಹಳೆ ಹೊದಿಕೆ ಮಡಚಿಟ್ಟು, ಎರವಲು ತಂದ ಒಂದೇ ಡಿ112ನಲ್ಲಿ ಗೆಳೆಯರ ಮನೆಯಲ್ಲಿ ರೆಕಾರ್ಡ್ ಮಾಡಿದೆವು. ಎದೆಗೆ ತಾಗುವಂಥ ಸ್ವರ ಬಂತು.

ಕೊಟ್ಟ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ನೀವು ಅಡ್ವಾನ್ಸ್ ಕೊಡುವ ಮೊದಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ: ಪ್ರತಿ ಮೈಕಿಗೆ ಬೇರೆ ಟ್ರ್ಯಾಕ್, 24 ಬಿಟ್ ವೇವ್ ಫೈಲ್, ಎಲ್ಲ ನಿಮ್ಮ ಕೈಗೆ. ಹೋಗುವಾಗ ಒಂದು ಒಳ್ಳೆ ಹೆಡ್‌ಫೋನ್ ನೀವೇ ತೆಗೆದುಕೊಂಡು ಹೋಗಿ. ಮೊದಲ ಟೇಕ್ ಆದ ಮೇಲೆ ಕಿಕ್ ಒಂದನ್ನೇ ಹಾಕಿಸಿ ಕೇಳಿ.