ಎಂಜಲು ಕಿಟ್‌ನ ‘ಇಮ್ಯೂನಿಟಿ ರಿಪೋರ್ಟ್’: ಕಾಸಿಗೆ ತಕ್ಕ ಕಜ್ಜಾಯವೇ?

ಮನೆ ಬಾಗಿಲಿಗೇ ಬರುವ ಡಿಎನ್‌ಎ ಕಿಟ್‌ಗಳ ವರದಿಯಲ್ಲಿ ಪೂರ್ವಜರ ಮೂಲ, ಕೂದಲು ಉದುರುವುದರ ಜೊತೆಗೆ ‘ವೈರಸ್ ಸೋಂಕಿನ ಅಪಾಯ’ ಎಂಬ ಪುಟವನ್ನೂ ಕೆಲವರು ಸೇರಿಸುತ್ತಾರೆ. ಕೆಂಪು, ಹಳದಿ, ಹಸಿರು ಚೌಕಗಳು. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಲ್ಯಾಬ್ ಕೆಲಸಕ್ಕೆ ಒಳ್ಳೆಯ ಅಂಕ, ಚೌಕಗಳಿಗೆ ಕಡಿಮೆ. ಕಚ್ಚಾ ಡೇಟಾ ಫೈಲ್ (ಲ್ಯಾಬ್ ಓದಿದ ನಿಮ್ಮ ಡಿಎನ್‌ಎ ಅಕ್ಷರಗಳ ಪಟ್ಟಿ) ಕೊಡದ ಕಿಟ್ ಬೇಡವೇ ಬೇಡ.

ಟ್ಯೂಬಿಗೆ ಸಾಮಾನ್ಯವಾಗಿ 2 ಮಿಲಿ ಎಂಜಲು ಬೇಕು. ಗೆರೆ ಮುಟ್ಟಬೇಕಾದ್ದು ದ್ರವ, ನೊರೆ ಲೆಕ್ಕಕ್ಕಿಲ್ಲ. ಅರ್ಧ ಗಂಟೆ ಮೊದಲಿನಿಂದ ಊಟ, ಕಾಫಿ, ಎಲೆಅಡಿಕೆ, ಸಿಗರೇಟು ಯಾವುದೂ ಬೇಡ. ಸ್ಯಾಂಪಲ್ ಫೇಲ್ ಆಗುವುದು ಹೆಚ್ಚಾಗಿ ಇಲ್ಲೇ. ನೊರೆಯನ್ನೇ ಅಳೆದರೆ ಡಿಎನ್‌ಎ ಸಾಲದು. ಎಂಜಲು ಕೆಡದಂತೆ ಕಾಯುವ ಮುಚ್ಚಳದ ದ್ರವ ಪೂರ್ತಿ ಇಳಿದು ಬೆರೆಯದಿದ್ದರೆ ಕೊರಿಯರ್ ದಾರಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ಸ್ಯಾಂಪಲ್ ಕೆಡುತ್ತದೆ.

ವರದಿಯಲ್ಲಿ ನೆಚ್ಚಬಹುದಾದ ಸಾಲೆಂದರೆ ಎಫ್‌ಯುಟಿ2 (FUT2) ಎಂಬ ಜೀನ್‌ನದು. ಈ ಜೀನ್‌ನ ಕಿಣ್ವ ಕರುಳಿನ ಒಳಪದರದ ಮೇಲೆ ಒಂದು ಬಗೆಯ ಸಕ್ಕರೆ ಕೂರಿಸುತ್ತದೆ. ವಾಂತಿಭೇದಿ ತರುವ ನೊರೊವೈರಸ್ ಹಿಡಿದುಕೊಳ್ಳುವುದು ಅದನ್ನೇ. ಕಚ್ಚಾ ಫೈಲಿನಲ್ಲಿ ಆರ್‌ಎಸ್601338 (rs601338) ಹುಡುಕಿ, ಅದು ಈ ಜೀನ್‌ನ ಒಂದು ತಾಣದ ಗುರುತುಸಂಖ್ಯೆ. ಅಲ್ಲಿ ‘ಎಎ’ (AA) ಎಂದಿದ್ದರೆ ಆ ಕಿಣ್ವ ಕೆಲಸ ಮಾಡುತ್ತಿಲ್ಲ, ಅಂಥವರಿಗೆ ನೊರೊವೈರಸ್‌ನ ಜಿಐಐ.4 (GII.4) ತಳಿ ಅಷ್ಟು ಸುಲಭವಾಗಿ ತಗಲದು. ಬೇರೆ ತಳಿಗಳು ತಗಲಬಲ್ಲವು, ಆದ್ದರಿಂದ ಕೈ ತೊಳೆಯುವುದಕ್ಕೆ ರಜೆಯಿಲ್ಲ. ಚೀನಾ, ಜಪಾನ್ ಮೂಲದವರಲ್ಲಿ ಈ ಕಿಣ್ವವನ್ನು ಕುಗ್ಗಿಸುವುದು ಬೇರೊಂದು ರೂಪಾಂತರ, ಅಂದರೆ ಅದೇ ಜೀನ್‌ನ ಬೇರೊಂದು ತಾಣದ ಅಕ್ಷರ ಬದಲಾವಣೆ. ಅವರಿಗೆ ಈ ಸಾಲು ಸಾಲದು.

ಸಿಸಿಆರ್5 (CCR5) ಜೀನ್ ಬಲು ಹೆಸರುವಾಸಿ. ಎಚ್‌ಐವಿ ಜೀವಕೋಶದೊಳಗೆ ನುಗ್ಗಲು ಬಳಸುವ ಬಾಗಿಲು ಇದರದ್ದು. ತಂದೆ ತಾಯಿ ಇಬ್ಬರಿಂದಲೂ ಈ ಜೀನ್‌ನ 32 ಡಿಎನ್‌ಎ ಅಕ್ಷರ ಕಳೆದುಕೊಂಡ ಪ್ರತಿ ಬಂದಿದ್ದರೆ ಎಚ್‌ಐವಿಯ ಸಾಮಾನ್ಯ ಬಗೆ ಜೀವಕೋಶದೊಳಗೆ ಹೋಗಲಾರದು. ಇದು 1996ರಿಂದ ಗೊತ್ತು. ಅಂಥವರು ಉತ್ತರ ಯುರೋಪಿನಲ್ಲೇ ನೂರಕ್ಕೆ ಒಬ್ಬರಷ್ಟು, ಭಾರತದಲ್ಲಿ ತೀರಾ ವಿರಳ. ಮೇಲಾಗಿ ಸಿಎಕ್ಸ್‌ಸಿಆರ್4 (CXCR4) ಎಂಬ ಇನ್ನೊಂದು ಬಾಗಿಲಿನ ಮೂಲಕ ನುಗ್ಗುವ ಎಚ್‌ಐವಿಯನ್ನು ಇದು ತಡೆಯದು. ಕನ್ನಡದ ಓದುಗರಿಗೆ ಈ ಸಾಲು ಹೆಚ್ಚುಕಡಿಮೆ ಅಲಂಕಾರವಷ್ಟೇ.

ನಮ್ಮವರನ್ನು ಹೆದರಿಸುವುದು ಕೋವಿಡ್ ಚೌಕ. 3ನೇ ವರ್ಣತಂತುವಿನ ಅಪಾಯದ ಡಿಎನ್‌ಎ ತುಣುಕು ನಿಯಾಂಡರ್ಥಲರಿಂದ (ಅಳಿದುಹೋದ ಪ್ರಾಚೀನ ಮಾನವರಿಂದ) ಬಂದದ್ದೆಂದು 2020ರಲ್ಲಿ ವಿಜ್ಞಾನಿಗಳಾದ ಹ್ಯೂಗೊ ಜೆಬರ್ಗ್, ಸ್ವಾಂಟೆ ಪಾಬೊ ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧ ಜನರಲ್ಲಿ ಒಂದು ಪ್ರತಿಯಾದರೂ ಇದೆ, ಯುರೋಪಿನಲ್ಲಿ ಶೇ. 16ರಷ್ಟು ಜನರಲ್ಲಿ. ಅರ್ಧ ಊರಿಗೇ ಕೆಂಪು ಬಳಿಯುವ ಚೌಕದಿಂದ ಏನು ತಿಳಿದಂತಾಯಿತು? ಅದರ ನಂಟು ಮುಖ್ಯವಾಗಿ ಸೋಂಕು ತಗಲಿದ ಮೇಲೆ ಕಾಯಿಲೆ ಉಲ್ಬಣಿಸುವುದಕ್ಕೆ, ತಗಲುವುದಕ್ಕಲ್ಲ. ಈ ಎರಡನ್ನೂ ‘ಅಪಾಯ’ ಎಂಬ ಒಂದೇ ಮಾತಿನಲ್ಲಿ ತೇಲಿಸುವ ವರದಿಗೆ ಅಂಕ ಕಳೆಯಲೇಬೇಕು. ವಯಸ್ಸಿನ ಮುಂದಂತೂ ಇದರ ಪಾತ್ರ ಚಿಕ್ಕದು.

ಐಎಫ್‌ಎನ್‌ಎಲ್3 (IFNL3) ಜೀನ್‌ನ ಸಾಲು ಹಳಸಲು. ಹೆಪಟೈಟಿಸ್ ಸಿಗೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದ ಕಾಲಕ್ಕೆ, ಅದು ಯಾರಿಗೆ ಫಲಿಸೀತು ಎಂದು ಅಂದಾಜಿಸಲು ಬೇಕಿತ್ತು. ಸೋಫೊಸ್‌ಬುವಿರ್ ಥರದ ಮಾತ್ರೆಗಳು ಬಂದ ಮೇಲೆ ವೈದ್ಯರಿಗೆ ಅದರ ಅಗತ್ಯವೇ ಹೆಚ್ಚಾಗಿ ಬೀಳುವುದಿಲ್ಲ.

ನಿಜಕ್ಕೂ ದೊಡ್ಡ ಏಟು ಕೊಡುವ ದೋಷಗಳು ಈ ಕಿಟ್‌ಗಳ ಕೈಗೆ ಸಿಗುವುದು ಕಷ್ಟ. ನೆದರ್ಲೆಂಡ್ಸ್‌ನ ಎರಡು ಕುಟುಂಬಗಳ ನಾಲ್ವರು ಯುವಕರಿಗೆ ಕೋವಿಡ್ ವಿಪರೀತವಾದಾಗ 2020ರಲ್ಲಿ ಸಿಕ್ಕಿದ್ದು ವೈರಸ್ ಪತ್ತೆಹಚ್ಚಲು ದೇಹಕ್ಕೆ ನೆರವಾಗುವ ಟಿಎಲ್‌ಆರ್7 (TLR7) ಜೀನ್‌ನ ವಿರಳ ದೋಷ. ಆದರೆ ಈ ಕಿಟ್‌ಗಳ ಲ್ಯಾಬಿನಲ್ಲಿ ಡಿಎನ್‌ಎ ಓದುವ ಚಿಪ್ ಓದುವುದು ಮೊದಲೇ ಆರಿಸಿಟ್ಟ ಕೆಲವು ಲಕ್ಷ ತಾಣಗಳನ್ನು ಮಾತ್ರ. ಅತಿ ವಿರಳ ರೂಪಾಂತರ ಇದೆ ಎಂದು ಅದು ಹೇಳಿದರೂ ಹೆಚ್ಚಿನ ಸಲ ಅದು ಸುಳ್ಳು. ಎಚ್‌ಎಲ್‌ಎ (HLA, ವೈರಸ್ ತುಣುಕುಗಳನ್ನು ರೋಗನಿರೋಧಕ ಕೋಶಗಳಿಗೆ ತೋರಿಸುವ ಜೀನ್‌ಗಳು) ಬಗೆಯನ್ನು ಚಿಪ್ ಡೇಟಾದಿಂದ ಊಹಿಸುವುದಕ್ಕೂ ಯುರೋಪಿನ ಜನರ ಡೇಟಾದ್ದೇ ಆಸರೆ ಹೆಚ್ಚು. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 10 ಸಾವಿರ ಭಾರತೀಯರ ಜೀನೋಮ್ ಓದಿದ ‘ಜೀನೋಮ್ ಇಂಡಿಯಾ’ದ ಡೇಟಾ ಇಂಥ ಲೆಕ್ಕಗಳಿಗೆ ಬಳಕೆಯಾಗಿದೆಯೇ ಎಂದು ಕೊಳ್ಳುವ ಮೊದಲು ಕೇಳಿ.

ಮನೆಯಲ್ಲಿ ಯಾರಿಗಾದರೂ ಮಾಮೂಲಿ ವೈರಸ್ಸಿಗೂ ಪದೇಪದೇ ಐಸಿಯು ಸೇರುವ ಸ್ಥಿತಿ ಬರುತ್ತಿದ್ದರೆ ಈ ಕಿಟ್‌ಗೆ ದುಡ್ಡು ಹಾಕಬೇಡಿ. ಇಮ್ಯುನಾಲಜಿ ವೈದ್ಯರ ಸಲಹೆಯಂತೆ ಎಕ್ಸೋಮ್ ಸೀಕ್ವೆನ್ಸಿಂಗ್ ಮಾಡಿಸಿ. ದುಬಾರಿ, ಆದರೆ ಅದು ಜೀನ್‌ಗಳ ಪ್ರೋಟೀನ್ ಭಾಗಗಳನ್ನು ಅಕ್ಷರಕ್ಕಕ್ಷರ ಓದುತ್ತದೆ.