ಜೆಂಕಿನ್ಸ್, ಗಿಟ್‌ಲ್ಯಾಬ್, ಗಿಟ್‌ಹಬ್ ಆಕ್ಷನ್ಸ್: ಹಾಲಿನ ಲೆಕ್ಕಕ್ಕೆ ಮೂರನ್ನೂ ಕಟ್ಟಿ ನೋಡಿದೆವು

ನಾವಿರುವುದು ಆರು ಜನ. ಹಾಸನದಲ್ಲಿ ಒಂದು ಬೇಕರಿಯ ಮೇಲಿನ ಎರಡು ಕೋಣೆ ನಮ್ಮ ಆಫೀಸು. ಹಳ್ಳಿ ಡೈರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ಬಟವಾಡೆ ದಿನ ಕೈಗೆ ಸಿಗುವುದೆಷ್ಟು, ಇಷ್ಟೇ ಕೆಲಸ. ಪೈಥಾನ್ ಭಾಷೆಯಲ್ಲಿ ಫ್ಲಾಸ್ಕ್ ಎಂಬ ವೆಬ್ ಚೌಕಟ್ಟು, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಹತ್ತು ರೂಪಾಯಿ ಹೆಚ್ಚುಕಮ್ಮಿಯಾದರೂ ಬೆಳಿಗ್ಗೆ ಆರಕ್ಕೆ ಸೆಕ್ರೆಟರಿ ಫೋನ್ ಮಾಡುತ್ತಾರೆ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರ ದನಿಯೂ ಅದೇ ಫೋನಿನಲ್ಲಿ ಕೇಳುತ್ತದೆ.

ಒಬ್ಬರು ಕೋಡ್ ಸೇರಿಸಿದ ಕೂಡಲೇ ಅದನ್ನು ಪರೀಕ್ಷಿಸುವ ಟೆಸ್ಟ್‌ಗಳೆಲ್ಲ ತಾವಾಗಿ ಓಡಿ, ಕೆಟ್ಟಿದ್ದರೆ ಕೆಟ್ಟಿದೆ ಎಂದು ಹೇಳುವ ಏರ್ಪಾಡು ಬೇಕೆಂದು ಎರಡು ವರ್ಷದಲ್ಲಿ ಮೂರು ದಾರಿ ತುಳಿದೆವು. ಜೆಂಕಿನ್ಸ್ ಹನ್ನೊಂದು ತಿಂಗಳು, ಗಿಟ್‌ಲ್ಯಾಬ್ ನಾಲ್ಕು ತಿಂಗಳು, ಆಮೇಲಿಂದ ಇವತ್ತಿನವರೆಗೆ ಗಿಟ್‌ಹಬ್ ಆಕ್ಷನ್ಸ್. ಅರವತ್ತು ಜನರ ತಂಡದವರಿಗೆ ಇದರಲ್ಲಿ ಅರ್ಧ ಮಾತು ಅನ್ವಯಿಸಲಿಕ್ಕಿಲ್ಲ.

ಜೆಂಕಿನ್ಸ್ ಹಾಕಿದ್ದು ಟೇಬಲ್ ಕೆಳಗಿನ ಹಳೇ ಡೆಸ್ಕ್‌ಟಾಪಿಗೆ. ಎಂಟು ಜಿಬಿ ರ‍್ಯಾಮ್, ಪಕ್ಕದಲ್ಲಿ ಯುಪಿಎಸ್. ಖರ್ಚಿಲ್ಲ, ನಿಮಿಷಕ್ಕೆ ಇಷ್ಟೆಂದು ಮೀಟರ್ ಓಡುವುದಿಲ್ಲ, ಅದೇ ನಮಗೆ ದೊಡ್ಡ ಆಕರ್ಷಣೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ ಹಡ್ಸನ್ ಎಂಬ ಹೆಸರಲ್ಲಿ ಶುರುಮಾಡಿದ ಸಾಧನ ಇದು. ಸನ್ ಕಂಪನಿ ಒರಾಕಲ್ ಪಾಲಾದ ಮೇಲೆ ಹೆಸರಿನ ತಗಾದೆ ಬಂದು 2011ರಲ್ಲಿ ಜೆಂಕಿನ್ಸ್ ಆಯಿತು. ಇಷ್ಟು ವಯಸ್ಸಾದ್ದರಿಂದ ಏನು ಕೇಳಿದರೂ ಅದರಲ್ಲಿ ಉತ್ತರ ಉಂಟು, ಆದರೆ ಪ್ರತಿ ಉತ್ತರವೂ ಒಂದು ಪ್ಲಗಿನ್, ಅಂದರೆ ಬೇರೆಯಾಗಿ ಸೇರಿಸಿಕೊಳ್ಳುವ ತುಣುಕು. ಅಂಥವು 1,800ಕ್ಕೂ ಮೇಲಿವೆ. ನಮ್ಮದರಲ್ಲಿ ನಲವತ್ತರ ಹತ್ತಿರ ಸೇರಿಕೊಂಡವು, ಅದರಲ್ಲಿ ನಾವು ತಿಳಿದು ಹಾಕಿದ್ದು ಏಳೋ ಎಂಟೋ.

ಮೊದಲ ಎಡವಟ್ಟು ಜಾಗದ್ದು. ಮಷೀನು ಆಫೀಸಿನ ರೌಟರ್ ಹಿಂದೆ ಇದ್ದದ್ದರಿಂದ ಕೋಡ್ ಬಂದಿದೆ ಎಂದು ಹೊರಗಿನಿಂದ ಯಾರೂ ಅದರ ಬಾಗಿಲು ತಟ್ಟಲಾಗುತ್ತಿರಲಿಲ್ಲ. ಹಾಗಾಗಿ ಐದು ನಿಮಿಷಕ್ಕೊಮ್ಮೆ ಅದೇ ಹೋಗಿ ‘ಏನಾದರೂ ಹೊಸದು ಬಂತಾ’ ಎಂದು ಕೇಳುವಂತೆ ಮಾಡಿದೆವು. ಟೆಸ್ಟ್ ಓಡಲು ಆರು ನಿಮಿಷ. ಎರಡು ಬಿಲ್ಡ್ (ಟೆಸ್ಟಿನ ಒಂದೊಂದು ಓಟ) ಒಟ್ಟಿಗೆ ಓಡಿದರೆ ಒಂದೇ ಡೇಟಾಬೇಸಿಗೆ ಕಿತ್ತಾಡುತ್ತಿದ್ದವು, ಆದ್ದರಿಂದ ಒಂದಾದ ಮೇಲೆ ಒಂದು. ಮಧ್ಯಾಹ್ನದ ಹೊತ್ತಿಗೆ ಮೂರು ಜನ ಸಾಲಾಗಿ ಪುಶ್ ಮಾಡಿದರೆ, ಅಂದರೆ ಕೋಡ್ ಕಳಿಸಿದರೆ, ಮೂರನೆಯವರಿಗೆ ಫಲಿತಾಂಶ ಗೊತ್ತಾಗುವುದು ಇಪ್ಪತ್ತು ನಿಮಿಷದ ಮೇಲೆ. ಅಷ್ಟರಲ್ಲಿ ಅವರು ಕೆಳಗೆ ಬೇಕರಿಯಲ್ಲಿ ಟೀ ಕುಡಿದು ಬಂದು ಇನ್ನೊಂದು ಕೆಲಸಕ್ಕೆ ಕೈ ಹಾಕಿರುತ್ತಿದ್ದರು.

ಎರಡನೆಯದು ಇನ್ನೂ ಕೆಟ್ಟದ್ದು, ಪೂರ್ತಿ ನಮ್ಮದೇ ತಪ್ಪು. ಫಲಿತಾಂಶ ಬೀಳುತ್ತಿದ್ದದ್ದು ಬೇರೆ ಪುಟದಲ್ಲಿ, ಜೊತೆಗೊಂದು ಮೇಲ್. ಒಂದು ತಿಂಗಳೊಳಗೆ ಆರೂ ಜನ ಆ ಮೇಲ್‌ಗಳನ್ನು ಬೇರೆ ಫೋಲ್ಡರಿಗೆ ತಳ್ಳುವ ಫಿಲ್ಟರ್ ಹಾಕಿಕೊಂಡಿದ್ದೆವು, ಒಬ್ಬರಿಗೊಬ್ಬರು ಹೇಳದೆ. ಒಂದು ವಾರ ಮುಖ್ಯ ಬ್ರ್ಯಾಂಚ್ (ಎಲ್ಲರ ಕೋಡೂ ಬಂದು ಸೇರುವ ಪ್ರತಿ) ಸೋಮವಾರದಿಂದ ಗುರುವಾರದವರೆಗೆ ಕೆಂಪಾಗಿತ್ತು, ಅಂದರೆ ಟೆಸ್ಟ್ ಬಿದ್ದಿತ್ತು. ಗುರುವಾರ ಸಂಜೆ ಬಿಡುಗಡೆಗೆ ಕೂತಾಗಲೇ ನೋಡಿದ್ದು. ಮೂರು ದಿನದಲ್ಲಿ ಹದಿನಾರು ಕಮಿಟ್ (ಕೋಡಿನ ಬದಲಾವಣೆ) ಸೇರಿತ್ತು, ಯಾವುದರಿಂದ ಕೆಟ್ಟಿತು ಎಂದು ಹುಡುಕುವಾಗ ರಾತ್ರಿ ಹನ್ನೊಂದು.

ಇನ್ನು ಆರೈಕೆ. ಹಳೇ ಬಿಲ್ಡ್‌ಗಳನ್ನು ಬಿಸಾಡು ಎಂಬ ಆಯ್ಕೆಗೆ ಟಿಕ್ ಹಾಕಿರಲಿಲ್ಲ, ಡಿಸ್ಕ್ ತುಂಬಿತು. 2024ರ ಜನವರಿಯಲ್ಲಿ ಸರ್ವರ್‌ನ ಕಡತಗಳನ್ನು ಹೊರಗಿನವರು ಓದಬಹುದಾದ ದೊಡ್ಡ ದೋಷವೊಂದು ಪ್ರಕಟವಾಯಿತು, ರಾತ್ರೋರಾತ್ರಿ ಅಪ್‌ಡೇಟ್. ಆಫೀಸಿನ ಒಳಗೇ ಇದ್ದ ಮಷೀನಾದ್ದರಿಂದ ಬಚಾವ್. ಅದೇ ವರ್ಷದ ಕೊನೆಗೆ ಬಂದ ಎಲ್‌ಟಿಎಸ್ (ದೀರ್ಘಕಾಲ ಬೆಂಬಲದ) ಆವೃತ್ತಿ ಜಾವಾ 11 ಕೈಬಿಟ್ಟಿತು, ಜಾವಾ ಬದಲಿಸಿದೆವು. ಇದನ್ನೆಲ್ಲ ಮಾಡಿದವನು ನಾನೊಬ್ಬನೇ. ನಾನು ಊರಿಗೆ ಹೋದರೆ ಜೆಂಕಿನ್ಸ್ ಕೂಡ ರಜೆ ಹಾಕುತ್ತಿತ್ತು.

ಗಿಟ್‌ಲ್ಯಾಬಿಗೆ ಹೋದದ್ದು ಈ ಬೇಸರದಲ್ಲಿ. ಕೋಡ್ ಇಡುವುದೂ ಟೆಸ್ಟ್ ಓಡಿಸುವುದೂ ಅಲ್ಲಿ ಒಂದೇ ಕಡೆ. ಟೆಸ್ಟ್ ಓಡಿಸುವ ಅದರ ರನ್ನರ್ ಎಂಬ ಪ್ರೋಗ್ರಾಮನ್ನು ಅದೇ ಡೆಸ್ಕ್‌ಟಾಪಿನ ಮೇಲೆ, ಡಾಕರ್ (ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದರ ಸಮೇತ ಬೇರೆ ಪೆಟ್ಟಿಗೆಯಲ್ಲಿ ಓಡಿಸುವ ಸಾಧನ) ಇಲ್ಲದೆ ನೇರವಾಗಿ ಕೂರಿಸಿದೆವು. ರನ್ನರ್ ತಾನೇ ಹೊರಗೆ ಹೋಗಿ ಕೆಲಸ ಕೇಳಿಕೊಂಡು ಬರುತ್ತದೆ, ರೌಟರ್ ಮುಟ್ಟುವ ಗೋಜಿಲ್ಲ. ಪೈಪ್‌ಲೈನ್, ಅಂದರೆ ಯಾವ ಹೆಜ್ಜೆ ಯಾವಾಗ ಎಂಬ ಪಟ್ಟಿ, ಬರೆಯುವುದು ಕೋಡಿನ ಪಕ್ಕದಲ್ಲೇ ಇರುವ ಒಂದು ಯಾಮಲ್ ಕಡತದಲ್ಲಿ. ಜೆಂಕಿನ್ಸ್‌ನ ಗ್ರೂವಿ ಭಾಷೆಯಲ್ಲಿ ಎಪ್ಪತ್ತು ಸಾಲಾಗಿದ್ದದ್ದು ಇಲ್ಲಿ ಮೂವತ್ತಕ್ಕೆ ಇಳಿಯಿತು.

ಸಾಲು ಕಡಿಮೆಯಾದದ್ದು ದೊಡ್ಡ ವಿಷಯವಲ್ಲ ಬಿಡಿ. ಕೆಂಪು ಬಂದು ಕೂತದ್ದು ಮರ್ಜ್ ರಿಕ್ವೆಸ್ಟಿನ (ನನ್ನ ಕೋಡನ್ನು ಮುಖ್ಯ ಬ್ರ್ಯಾಂಚಿಗೆ ಸೇರಿಸಿ ಎಂಬ ಕೋರಿಕೆ) ಪುಟದೊಳಗೆ, ರಿವ್ಯೂ ಮಾಡುವವರು ಹೇಗೂ ತೆರೆಯುವ ಜಾಗದಲ್ಲಿ. ಯಾವ ಟೆಸ್ಟ್ ಬಿತ್ತು, ಏನು ನಿರೀಕ್ಷೆ ಇತ್ತು, ಏನು ಬಂತು, ಎಲ್ಲ ಅಲ್ಲೇ. ಜೊತೆಗೆ ಪೈಪ್‌ಲೈನ್ ಹಸಿರಾಗದೆ ಮರ್ಜ್ ಬಟನ್ ಒತ್ತಲಾಗದಂತೆ ಮಾಡುವ ಆಯ್ಕೆ ಉಚಿತ ಖಾತೆಯಲ್ಲೇ ಇತ್ತು. ಹಾಕಿದ ಮೊದಲ ವಾರ ಗೊಣಗಾಟ. ಎರಡನೇ ವಾರ ನಮ್ಮ ಹಿರಿಯ ಮೇಡಂ ಒಬ್ಬ ಹುಡುಗನಿಗೆ ಹೇಳುತ್ತಿದ್ದರು: “ಕೆಂಪು ಇಟ್ಕೊಂಡು ರಿವ್ಯೂ ಕೇಳ್ಬೇಡಪ್ಪ, ಹಸಿರು ಮಾಡ್ಕೊಂಡು ಬಾ, ಆಮೇಲೆ ನೋಡ್ತೀನಿ.” ಜೆಂಕಿನ್ಸ್‌ನಲ್ಲಿ ಹನ್ನೊಂದು ತಿಂಗಳು ನಾನು ಬಾಯಿ ಬಡಿದುಕೊಂಡರೂ ಆಗದ್ದು ಅದು. ಓಡುತ್ತಿದ್ದದ್ದು ಅದೇ ಟೆಸ್ಟ್, ಅದೇ ಡೆಸ್ಕ್‌ಟಾಪಿನಲ್ಲಿ.

ಹಾಗಿದ್ದರೆ ಬಿಟ್ಟಿದ್ದೇಕೆ? ಅಲ್ಲಿ ಖಾಸಗಿ ಗುಂಪಿನ ಉಚಿತ ಖಾತೆಗೆ ಐದೇ ಜನ. ನಾವು ಆರು. ಒಂದು ತಿಂಗಳು ಆರನೆಯವರು ನನ್ನ ಲಾಗಿನ್‌ನಲ್ಲೇ ಕೆಲಸ ಮಾಡಿದರು. ಮರ್ಜ್ ರಿಕ್ವೆಸ್ಟ್ ತೆರೆದವರು ಯಾರು, ಒಪ್ಪಿದವರು ಯಾರು ಎಂದು ನೋಡಿದರೆ ಎರಡೂ ಕಡೆ ನನ್ನ ಹೆಸರೇ. ರಿವ್ಯೂ ಎಂಬುದಕ್ಕೇ ಅರ್ಥವಿಲ್ಲದಾಯಿತು. ದುಡ್ಡು ಕೊಡೋಣ ಎಂದರೆ ಆಗ ಪ್ರೀಮಿಯಂ ತಲೆಗೆ ತಿಂಗಳಿಗೆ 29 ಡಾಲರ್. ಪೂರ್ತಿ ಗಿಟ್‌ಲ್ಯಾಬನ್ನೇ ನಮ್ಮ ಮಷೀನಿಗೆ ಹಾಕಿಕೊಂಡರೆ ಆ ಮಿತಿ ಇಲ್ಲ, ಹಾಗಂತ ಎಂಟು ಜಿಬಿಯಲ್ಲಿ ಗಿಟ್‌ಲ್ಯಾಬ್, ಪೋಸ್ಟ್‌ಗ್ರೆಸ್, ಟೆಸ್ಟ್ ಎಲ್ಲ ಒಟ್ಟಿಗೆ ಸಾಕುವುದು ಆಗದ ಮಾತು. ಒಂದು ಶನಿವಾರ ಪ್ರಯತ್ನಿಸಿ ಸಂಜೆಗೆ ತೆಗೆದೆವು.

ಗಿಟ್‌ಹಬ್ ಆಕ್ಷನ್ಸ್ ಎಲ್ಲರಿಗೂ ತೆರೆದದ್ದು 2019ರ ನವೆಂಬರಿನಲ್ಲಿ, ಮೂರರಲ್ಲಿ ಕಿರಿಯದು. ಇಲ್ಲಿ ಟೆಸ್ಟ್ ಓಡುವುದು ಗಿಟ್‌ಹಬ್‌ನವರ ಮಷೀನಿನಲ್ಲಿ, ಖಾಸಗಿ ಕೋಡಿಗೆ ಉಚಿತ ಖಾತೆಯಲ್ಲಿ ತಿಂಗಳಿಗೆ 2,000 ನಿಮಿಷ. ಧಾರಾಳ ಅನ್ನಿಸಿತು. ಲೆಕ್ಕ ಹಾಕಿದ್ದು ಆಮೇಲೆ: ದಿನಕ್ಕೆ ಹನ್ನೆರಡು ಪುಶ್, ಒಂದಕ್ಕೆ ಒಂಬತ್ತು ನಿಮಿಷ, ದಿನಕ್ಕೆ 108. ಹತ್ತೊಂಬತ್ತನೇ ಕೆಲಸದ ದಿನಕ್ಕೆ ಕೋಟಾ ಮುಗಿಯಿತು. ಪ್ರತಿ ಜಾಬನ್ನೂ (ಪೈಪ್‌ಲೈನಿನ ಒಂದು ಭಾಗ) ಮೇಲಿನ ಪೂರ್ಣ ನಿಮಿಷಕ್ಕೆ ಏರಿಸಿ ಲೆಕ್ಕ ಹಿಡಿಯುತ್ತಾರೆ ಎಂಬುದೂ ಆಗಲೇ ತಿಳಿದದ್ದು. ಇಪ್ಪತ್ತು ಸೆಕೆಂಡಿನ ಆರು ಜಾಬ್ ಮಾಡಿ ಚೆಂದವಾಗಿ ಜೋಡಿಸಿದ್ದೆ, ಎರಡು ನಿಮಿಷದ ಕೆಲಸಕ್ಕೆ ಆರು ನಿಮಿಷ ಕಳೆಯುತ್ತಿತ್ತು. ಎಲ್ಲವನ್ನೂ ಒಂದೇ ಜಾಬಿಗೆ ಸೇರಿಸಿದೆವು, ಪೈಥಾನ್ ಪ್ಯಾಕೇಜ್‌ಗಳನ್ನು ಪ್ರತಿ ಸಲ ಇಳಿಸದೆ ಉಳಿಸಿಟ್ಟುಕೊಂಡೆವು, ಹೊಸ ಪುಶ್ ಬಂದರೆ ಅದೇ ಬ್ರ್ಯಾಂಚಿನ ಹಳೇ ಓಟ ನಿಲ್ಲಲಿ ಎಂದೆವು. ಈಗ ಐದು ನಿಮಿಷ.

ಇಲ್ಲೊಂದು ಕೊಕ್ಕೆ ಇದೆ, ಹೋಲಿಸುವವರು ಗಮನಿಸಬೇಕು. ಹಸಿರಾಗದೆ ಮರ್ಜ್ ಇಲ್ಲ ಎಂಬ ಬೀಗ ಖಾಸಗಿ ಕೋಡಿಗೆ ಗಿಟ್‌ಹಬ್‌ನ ಉಚಿತ ಖಾತೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಟೀಮ್ ಖಾತೆ ಬೇಕು, ನಾವು ಸೇರಿದಾಗ ತಲೆಗೆ ನಾಲ್ಕು ಡಾಲರ್. ಬೀಗವಿಲ್ಲದೆ ಆರು ವಾರ ನೋಡಿದೆವು. “ಇದೊಂದ್ಸಲ” ಎಂದು ಕೆಂಪಿನಲ್ಲೇ ಮರ್ಜ್ ಮಾಡಿದ್ದು ನಾಲ್ಕು ಸಲ, ಅದರಲ್ಲಿ ಎರಡು ಸಲ ಮಾಡಿದವನು ನಾನು. ಆರು ಜನಕ್ಕೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಚಿಲ್ಲರೆ ಕೊಟ್ಟೆವು. ನಮ್ಮ ಟೀ ಖರ್ಚು ಅದಕ್ಕಿಂತ ಜಾಸ್ತಿ.

ಈಗ ನನ್ನ ಮನಸ್ಸು ಪೂರ್ತಿ ತಿರುಗಿಸಿದ ಪ್ರಸಂಗ. ಆಕ್ಷನ್ಸ್‌ಗೆ ಬಂದ ಮೇಲೆ ಒಂದು ಟೆಸ್ಟ್ ಆಗಾಗ ಬೀಳತೊಡಗಿತು. ‘ಇವತ್ತು ಬೆಳಿಗ್ಗೆ ಹಾಲು ಹಾಕಿದವರ ಪಟ್ಟಿ’ ತೋರಿಸುವ ಭಾಗದ ಟೆಸ್ಟ್. ಮತ್ತೆ ಓಡಿಸಿದರೆ ಕೆಲವೊಮ್ಮೆ ಹಸಿರು. ಜೆಂಕಿನ್ಸ್‌ನಲ್ಲಿ, ಗಿಟ್‌ಲ್ಯಾಬ್‌ನಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ. ಹೊಸ ಸಾಧನದ್ದೇ ಏನೋ ತೊಂದರೆ ಎಂದು ಎರಡು ತಿಂಗಳು ಮತ್ತೆ ಮತ್ತೆ ಓಡಿಸಿ ಕಳೆದೆವು. ಬೀಳುತ್ತಿದ್ದದ್ದು ಹೆಚ್ಚಾಗಿ ಒಬ್ಬನೇ ಹುಡುಗನಿಗೆ. ಅವನು ರಾತ್ರಿ ಒಂದು ಗಂಟೆಯವರೆಗೆ ಕೂರುವವನು. “ಅಣ್ಣಾ, ಹಗಲು ಪುಶ್ ಮಾಡಿದ್ರೆ ಪಾಸಾಗತ್ತೆ, ಅದಕ್ಕೂ ನನ್ನ ಮೇಲೆ ಸಿಟ್ಟಿದೆ” ಎಂದ ತಮಾಷೆಗೆ. ಆ ಮಾತಿನಲ್ಲೇ ಉತ್ತರ ಇತ್ತು.

ಆಕ್ಷನ್ಸ್‌ನ ಮಷೀನುಗಳ ಗಡಿಯಾರ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ನಮಗಿಂತ ಐದೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಬೆಳಗಿನ ಐದೂವರೆವರೆಗೆ ಅಲ್ಲಿ ಇನ್ನೂ ನೆನ್ನೆ. ನಮ್ಮ ಕೋಡು ‘ಇವತ್ತು’ ಯಾವ ದಿನ ಎಂದು ಮಷೀನನ್ನೇ ಕೇಳುತ್ತಿತ್ತು. ಟೇಬಲ್ ಕೆಳಗಿನ ಡೆಸ್ಕ್‌ಟಾಪ್ ಭಾರತದ ಸಮಯದಲ್ಲಿದ್ದದ್ದರಿಂದ ಅಲ್ಲಿ ಎಷ್ಟು ಹೊತ್ತಿಗೆ ಓಡಿಸಿದರೂ ಪಾಸು.

ಇಷ್ಟೇ ಆಗಿದ್ದರೆ ಟೆಸ್ಟ್ ತಿದ್ದಿ ಸುಮ್ಮನಾಗುತ್ತಿದ್ದೆವು. ಆದರೆ ಡೈರಿಗಳು ಬಳಸುವ ನಿಜವಾದ ಸರ್ವರ್ ಕೂಡ ಯುಟಿಸಿಯಲ್ಲೇ ಇತ್ತು. ಹಾಲಿನ ಗಾಡಿ ಬೇಗ ಬರುವ ಮಾರ್ಗದ ಡೈರಿಗಳಲ್ಲಿ ಐದೂಕಾಲಿಗೇ ಅಳತೆ ಶುರು. ಅಲ್ಲಿ ಸಾಲಿನ ಮೊದಲ ಮೂರ್ನಾಲ್ಕು ಜನರ ಹಾಲು ಹಿಂದಿನ ದಿನದ ಬೆಳಗಿನ ಲೆಕ್ಕಕ್ಕೆ ಹೋಗಿ ಬೀಳುತ್ತಿತ್ತು. ನೆನ್ನೆಗೆ ಎರಡು ಸಲ, ಇವತ್ತಿಗೆ ಸೊನ್ನೆ. ಈ ದೂರು ನಮಗೆ ಮೊದಲೇ ಬಂದಿತ್ತು. ಸೆಕ್ರೆಟರಿಗಳು ತಾರೀಖು ತಪ್ಪು ಒತ್ತಿದ್ದಾರೆ ಎಂದುಕೊಂಡು ವರ್ಷದಿಂದ ಕೈಯಲ್ಲೇ ಸರಿಮಾಡಿ ಕೊಡುತ್ತಿದ್ದೆವು, ಒಬ್ಬರಿಗೆ ಫೋನಿನಲ್ಲಿ ಪಾಠವನ್ನೂ ಹೇಳಿದ್ದೆ. ಆಮೇಲೆ ಅವರಿಗೆ ಫೋನ್ ಮಾಡಿ ತಪ್ಪು ನಮ್ಮದೆಂದು ಹೇಳಿದಾಗ “ಹೋಗ್ಲಿ ಬಿಡಿ ಸಾರ್, ನಂಗೆ ಗೊತ್ತಿತ್ತು” ಎಂದರು.

ಆಫೀಸಿನ ಮಷೀನು ನಮ್ಮ ಹಾಗೇ ಯೋಚಿಸುತ್ತದೆ, ಅದೇ ಅದರ ದೋಷ. ಪ್ರತಿ ಸಲ ಹೊಸದಾಗಿ ಹುಟ್ಟುವ ಪರಕೀಯ ಮಷೀನಿಗೆ ನಮ್ಮ ಅಭ್ಯಾಸಗಳು ಗೊತ್ತಿಲ್ಲ. ಕನ್ನಡ ಫಾಂಟಿನ ಕಥೆಯೂ ಹೀಗೇ. ಬಟವಾಡೆ ಪಟ್ಟಿಯ ಪಿಡಿಎಫ್ ಟೆಸ್ಟ್ ಹಸಿರಾಗಿತ್ತು, ಒಂದು ದಿನ ಆ ಪಿಡಿಎಫ್ ಇಳಿಸಿಕೊಂಡು ತೆರೆದರೆ ಹೆಸರುಗಳಿರಬೇಕಾದಲ್ಲಿ ಸಾಲು ಸಾಲು ಚೌಕ. ನಾವು ಬಳಸಿದ ಚಿಕ್ಕ ಡಾಕರ್ ಇಮೇಜಿನಲ್ಲಿ ಕನ್ನಡ ಫಾಂಟೇ ಇರಲಿಲ್ಲ. ಕಡತ ಹುಟ್ಟಿತಾ ಎಂದಷ್ಟೇ ನಮ್ಮ ಟೆಸ್ಟ್ ಕೇಳುತ್ತಿತ್ತು. ನೋಟೊ ಸಾನ್ಸ್ ಕನ್ನಡ ಹಾಕಿದೆವು, ಟೆಸ್ಟನ್ನೂ ಬಿಗಿ ಮಾಡಿದೆವು.

ಆಕ್ಷನ್ಸ್‌ನಲ್ಲಿ ಭಯವೂ ಇದೆ. ಬೇರೆಯವರು ಬರೆದಿಟ್ಟ ತುಣುಕುಗಳನ್ನು ಒಂದು ಸಾಲಿನಲ್ಲಿ ಕರೆದುಕೊಳ್ಳುವುದು ಅದರ ಸುಖ. 2025ರ ಮಾರ್ಚಿನಲ್ಲಿ 23,000ಕ್ಕೂ ಹೆಚ್ಚು ಕಡೆ ಬಳಕೆಯಲ್ಲಿದ್ದ ಟಿಜೆ-ಆಕ್ಷನ್ಸ್‌ನ ಒಂದು ತುಣುಕಿಗೆ ಯಾರೋ ಕಳ್ಳ ಕೋಡ್ ಸೇರಿಸಿ, ಹಳೇ ಆವೃತ್ತಿಯ ಟ್ಯಾಗುಗಳನ್ನೂ ಅದಕ್ಕೇ ತಿರುಗಿಸಿಬಿಟ್ಟರು. ಗುಟ್ಟಿನ ಕೀಲಿಗಳು ಲಾಗ್‌ನಲ್ಲಿ ಅಚ್ಚಾದವು. ನಾವು ಅದನ್ನು ಬಳಸುತ್ತಿರಲಿಲ್ಲ. ಆದರೂ ಅವತ್ತೇ ಕೂತು ಹೊರಗಿನ ಪ್ರತಿ ತುಣುಕಿನ ಮುಂದೆ ಆವೃತ್ತಿ ಸಂಖ್ಯೆ ತೆಗೆದು ಕಮಿಟ್‌ನ ನಲವತ್ತು ಅಕ್ಷರದ ಪೂರ್ತಿ ಗುರುತು ಬರೆದೆವು. ನೋಡಲು ಕುರೂಪ, ಇರಲಿ.

ಉಳಿದ ಸಾಧನಗಳ ಬಗ್ಗೆ ಚುಟುಕಾಗಿ. ಕೋಡಿನ ಗುಣಮಟ್ಟ ನೋಡುವ ಸೋನಾರ್‌ಕ್ಯೂಬ್ ಮೂರು ವಾರ ಇಟ್ಟಿದ್ದೆವು. ವರದಿ ಚೆನ್ನಾಗಿದೆ, ಆದರೆ ಅದರ ಉಚಿತ ಆವೃತ್ತಿ ಮುಖ್ಯ ಬ್ರ್ಯಾಂಚನ್ನಷ್ಟೇ ನೋಡುತ್ತದೆ, ಅಂದರೆ ಮರ್ಜ್ ಆದ ಮೇಲೆ ಬೈಗುಳ. ಬದಲಿಗೆ ರಫ್ ಎಂಬ ಲಿಂಟರ್ (ಕೋಡನ್ನು ಓದಿಯೇ ತಪ್ಪು ಹುಡುಕುವ ಸಾಧನ) ಹಾಕಿದೆವು. ನಮ್ಮ ಇಡೀ ಕೋಡ್ ನೋಡಲು ಅದಕ್ಕೆ ಒಂದು ಸೆಕೆಂಡೂ ಬೇಡ. ಟೆಲಿಗ್ರಾಂ ಗುಂಪಿಗೆ ಮೊದಲು ಹಸಿರು, ಕೆಂಪು ಎಲ್ಲ ಬರುತ್ತಿತ್ತು, ಎಲ್ಲರೂ ಮ್ಯೂಟ್ ಮಾಡಿದರು. ಈಗ ಮುಖ್ಯ ಬ್ರ್ಯಾಂಚ್ ಕೆಟ್ಟರೆ ಮಾತ್ರ, ಕೊನೆಗೆ ಮರ್ಜ್ ಮಾಡಿದವರ ಹೆಸರಿನ ಜೊತೆ, ಒಂದೇ ಸಾಲು. ತಿಂಗಳಿಗೆ ಒಂದೋ ಎರಡೋ ಬರುತ್ತದೆ. ಬಂದರೆ ಎಲ್ಲರೂ ತಲೆ ಎತ್ತಿ ಆ ಕಡೆ ನೋಡುತ್ತಾರೆ.

ಯಾರಾದರೂ ಕೇಳಿದರೆ ನಾನು ಹೇಳುವುದು: ಐದು ಜನರೊಳಗಿದ್ದು ದುಡ್ಡಿಲ್ಲದಿದ್ದರೆ ಗಿಟ್‌ಲ್ಯಾಬ್, ಬೀಗ ಪುಕ್ಕಟೆ. ಅದಕ್ಕಿಂತ ಹೆಚ್ಚಿದ್ದು ಸ್ವಲ್ಪ ಕೊಡಬಲ್ಲಿರಾದರೆ ಆಕ್ಷನ್ಸ್. ಜೆಂಕಿನ್ಸ್ ನೋಡಿಕೊಳ್ಳಲು ಒಬ್ಬರನ್ನು ಬಿಡಬಲ್ಲಿರಾದರೆ ಮಾತ್ರ ಜೆಂಕಿನ್ಸ್, ಅಥವಾ ಹೊರಗಿನ ಮಷೀನಿಗೆ ಎಟುಕದ ಯಂತ್ರ ನಿಮ್ಮಲ್ಲಿದ್ದರೆ.

ನಮ್ಮಲ್ಲಿ ಅಂಥದ್ದೊಂದು ಇದೆ. ಡೈರಿಗಳಲ್ಲಿ ಚೀಟಿ ಕೊಡುವುದು ಅಂಗೈಯಗಲದ ಥರ್ಮಲ್ ಪ್ರಿಂಟರ್, ಕ್ಲೌಡ್‌ನ ಯಾವ ಮಷೀನಿಗೂ ಅದನ್ನು ಸಿಕ್ಕಿಸಲಾಗದು. ಹಾಗಾಗಿ ಹಳೇ ಡೆಸ್ಕ್‌ಟಾಪ್ ಇನ್ನೂ ಟೇಬಲ್ ಕೆಳಗಿದೆ, ಜೆಂಕಿನ್ಸ್ ಕೂಡ. ದಿನಾ ರಾತ್ರಿ ಎರಡಕ್ಕೆ, ಭಾರತದ ಸಮಯದಲ್ಲಿ, ಒಂದು ಚೀಟಿ ಅಚ್ಚು ಹಾಕುತ್ತದೆ. ಅದರಲ್ಲಿ ಲಕ್ಷ್ಮಮ್ಮ, ಕೃಷ್ಣಪ್ಪ, ಸಿದ್ಧರಾಮಯ್ಯ ಎಂದು ಮೂರು ಹೆಸರು. ಬೆಳಿಗ್ಗೆ ಯಾರು ಬಾಗಿಲು ತೆಗೆಯುತ್ತಾರೋ ಅವರು ಅದನ್ನು ಹರಿದುಕೊಂಡು, ಒತ್ತಕ್ಷರ ಸರಿಯಾಗಿ ಕೆಳಗೆ ಕೂತಿದೆಯಾ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ.