ಅಗ್ಗದ ಟೂಲ್ ಸೆಟ್ಟಾ, ಒಳ್ಳೆಯ ಬಿಡಿ ಟೂಲಾ? ಎರಡನ್ನೂ ಬಳಸಿ ನೋಡಿದ ಮೇಲೆ

ಒಂದೇ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೈಕಲ್ ರಿಪೇರಿಯ ಎಲ್ಲಾ ಟೂಲ್ ತುಂಬಿಕೊಡುವ ಅಗ್ಗದ ಸೆಟ್ ಒಂದು ಕಡೆ. ಬೇಕಾದ್ದನ್ನು ಮಾತ್ರ ಒಳ್ಳೆಯ ಕಂಪನಿಯದ್ದು ನೋಡಿ ಒಂದೊಂದಾಗಿ ಕೊಳ್ಳುವುದು ಇನ್ನೊಂದು ಕಡೆ. ನನ್ನ ಹತ್ತಿರ ಎರಡೂ ಇವೆ, ಎರಡನ್ನೂ ಅದೇ ಸೈಕಲ್‌ಗಳ ಮೇಲೆ ಅದೇ ಕೆಲಸಗಳಿಗೆ ಬಳಸಿದ್ದೇನೆ. ಎಲ್ಲವೂ ದುಬಾರಿಯದ್ದೇ ಇರಬೇಕು ಅಂತ ನಾನು ಹೇಳುವುದಿಲ್ಲ. ಟೂಲ್ ಕೈಕೊಟ್ಟಾಗ ಹಾಳಾಗುವುದು ಟೂಲ್ ಮಾತ್ರವಾ, ಇಲ್ಲಾ ಸೈಕಲ್ಲೂ ಹಾಳಾಗುತ್ತದಾ ಅಂತ ನೋಡಿ. ಸೈಕಲ್ ಹಾಳಾಗುವ ಕಡೆ ಜುಗ್ಗತನ ಬೇಡ.

ಎಲ್ಲಕ್ಕಿಂತ ಜಾಸ್ತಿ ಕೈಗೆ ಬರುವುದು ಅಲೆನ್ ಕೀ, ಅಂದರೆ ಆರು ಮೂಲೆಯ ಎಲ್ ಆಕಾರದ ಕೀ. 4, 5, 6 ಮಿ.ಮೀ. ಈ ಮೂರರಲ್ಲೇ ಹೆಚ್ಚಿನ ಕೆಲಸ ಮುಗಿಯುತ್ತದೆ, ಡಿಸ್ಕ್ ಬ್ರೇಕ್ ಇದ್ದರೆ ಜೊತೆಗೆ ಒಂದು ಟಿ25 ಟಾರ್ಕ್ಸ್ (ನಕ್ಷತ್ರದಂಥ ತುದಿಯ ಕೀ) ಬೇಕಾಗುತ್ತದೆ. ಸೆಟ್‌ನಲ್ಲಿ ಬಂದ 5 ಮಿ.ಮೀ. ಕೀಯನ್ನು ಬೋಲ್ಟಿಗೆ ಹಾಕಿ ಸುಮ್ನೆ ಆಚೆ ಈಚೆ ಅಲ್ಲಾಡಿಸಿ ನೋಡಿ. ಹಿಡಿತ ಸಿಗುವ ಮೊದಲು ಸ್ವಲ್ಪ ಲೂಸ್ ಆಡುತ್ತದೆ. ತೊಂದರೆ ಶುರುವಾಗುವುದು ಅಲ್ಲೇ. ಬಲವೆಲ್ಲ ಮೂಲೆಗಳ ಮೇಲೆ ಬೀಳುತ್ತದೆ, ಮೂಲೆ ಸವೆದಷ್ಟೂ ಲೂಸ್ ಜಾಸ್ತಿಯಾಗುತ್ತದೆ, ಕೊನೆಗೆ ಕೀ ಒಳಗೇ ಗರಗರ ತಿರುಗುತ್ತದೆ, ಬೋಲ್ಟ್ ಮಾತ್ರ ಇದ್ದಲ್ಲೇ ಇರುತ್ತದೆ. ಸೀಟಿನ ಬೋಲ್ಟನ್ನು ಕೆಲವು ಸಲ ಬಿಗಿ ಮಾಡಿದ ಮೇಲೆ ಆ ಕೀಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಕಪ್ಪು ಲೇಪ ಹೋಗಿತ್ತು, ಆರೂ ಮೂಲೆಗಳು ದುಂಡಗಾಗಿ ಹೊಳೆಯುತ್ತಿದ್ದವು. ಪಕ್ಕದಲ್ಲಿ ಇಟ್ಟ ಬಾಂಡಸ್ ಕಂಪನಿಯ ಕೀ ಅದಕ್ಕಿಂತ ಎಷ್ಟೋ ಜಾಸ್ತಿ ಕೆಲಸ ಕಂಡಿದ್ದರೂ ಅಂಚು ಹಾಗೇ ಇತ್ತು. ವೆರಾ ಕಂಪನಿಯ ಹೆಕ್ಸ್ ಪ್ಲಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಆಕಾರವೇ ಬಲ ಮೂಲೆಯ ಮೇಲೆ ಬೀಳದೆ ಅಗಲವಾದ ಜಾಗದ ಮೇಲೆ ಹರಡುವ ಹಾಗಿದೆ, ಅರೆಬರೆ ಸವೆದ ಬೋಲ್ಟನ್ನೂ ಹಿಡಿಯುತ್ತದೆ. ಇಲ್ಲಿ ಎರಡನೇ ಯೋಚನೆ ಬೇಡ, ಒಳ್ಳೆಯದೇ ತಗೊಳ್ಳಿ. ಉದ್ದ ತುದಿ ಗುಂಡಗಿರುವ ಕೀ ಆದರೆ ಬಾಟಲ್ ಸ್ಟ್ಯಾಂಡಿನ ಬೋಲ್ಟಿನಂಥ ಇಕ್ಕಟ್ಟಿನ ಜಾಗಕ್ಕೆ ಓರೆಯಾಗಿ ಹೋಗುತ್ತದೆ. ಆದರೆ ಕೊನೆಯ ಬಿಗಿ ಯಾವಾಗಲೂ ಚಿಕ್ಕ ತುದಿಯಿಂದಲೇ ಆಗಬೇಕು, ಯಾಕೆಂದರೆ ಆ ಗುಂಡಿನ ಕತ್ತು ತೆಳ್ಳಗಿರುತ್ತದೆ.

ಸ್ಕ್ರೂಡ್ರೈವರ್ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಶಿಮಾನೋದ ಹಲವು ಗೇರುಗಳ ಲಿಮಿಟ್ ಸ್ಕ್ರೂಗಳು (ಚೈನ್ ಎಷ್ಟು ಆಚೆ ಈಚೆ ಸರಿಯಬೇಕು ಅಂತ ಮಿತಿ ಹಾಕುವವು) ಜಪಾನಿನ ಜೆಐಎಸ್ ಅಳತೆಯವು. ನೋಡಲು ಫಿಲಿಪ್ಸ್ ತರಾನೇ ಕಾಣುತ್ತವೆ, ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಮಾತ್ರ ಒತ್ತಿ ತಿರುಗಿಸುವಾಗ ಮೇಲಕ್ಕೆ ಜಾರಿ ತಲೆಯನ್ನು ಕೆತ್ತಿಬಿಡುತ್ತದೆ. ಜೆಐಎಸ್ ತುದಿಯದ್ದು ಒಂದೇ ಒಂದು ಇದ್ದರೆ ಸಾಕು.

ಸ್ಪೋಕ್ ಕೀ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಎರಡು ಟೂಲ್‌ಗಳ ನಡುವಿನ ವ್ಯತ್ಯಾಸ ಬೆರಳಿಗೆ ನೇರವಾಗಿ ಗೊತ್ತಾಗುವುದು ಇಲ್ಲೇ. ನಿಪ್ಪಲ್‌ಗಳು, ಅಂದರೆ ಸ್ಪೋಕನ್ನು ರಿಮ್ಮಿಗೆ ಹಿಡಿದಿಡುವ ಪುಟ್ಟ ನಟ್‌ಗಳು, ಹಿತ್ತಾಳೆಯವು ಅಥವಾ ಅಲ್ಯೂಮಿನಿಯಂನವು, ಎರಡೂ ಮೆತ್ತಗಿನ ಲೋಹ. ಅಳತೆಗಳು 3.23, 3.30, 3.45 ಮಿ.ಮೀ. ಹೀಗೆ ಕೂದಲೆಳೆ ಅಂತರದಲ್ಲಿ ಇರುತ್ತವೆ. ಸೆಟ್‌ನಲ್ಲಿ ಬರುವುದು ಸುತ್ತಲೂ ಕಚ್ಚು ಇರುವ ದುಂಡಗಿನ ಕೀ, ಎಲ್ಲಾ ಅಳತೆಗೂ ಒಂದೇ. ಯಾವ ಕಚ್ಚು ಹಾಕಿದರೂ ಒಂದೋ ಬಿಗಿ, ಇಲ್ಲಾ ಸಡಿಲ. ಕಾಲು ಸುತ್ತು ತಿರುಗಿಸಲು ಹೋದರೆ ಮೊದಲು ಕೀ ತಿರುಗುತ್ತದೆ, ಆಮೇಲೆ ನಿಪ್ಪಲ್ ತಿರುಗುತ್ತದೆ, ಹಾಗಾಗಿ ನಿಜವಾಗಿ ಎಷ್ಟು ತಿರುಗಿತು ಅಂತಲೇ ಲೆಕ್ಕ ಸಿಗುವುದಿಲ್ಲ. ಬೆಂಡ್ ತೆಗೆಯುವುದು ಅಂದರೆ ಕಾಲು ಸುತ್ತು, ಅರ್ಧ ಸುತ್ತಿನ ಕೆಲಸ ಅಲ್ವಾ, ಲೆಕ್ಕ ತಪ್ಪಿದರೆ ಚಕ್ರ ಇನ್ನೊಂದು ಕಡೆ ವಾಲುತ್ತದೆ. ಪಾರ್ಕ್ ಟೂಲ್‌ನವರು ಅಳತೆಗೊಂದು ಬಣ್ಣ ಇಟ್ಟಿದ್ದಾರೆ: 3.23ಕ್ಕೆ ಕಪ್ಪು, 3.30ಕ್ಕೆ ಹಸಿರು, 3.45ಕ್ಕೆ ಕೆಂಪು. ನಿಮ್ಮ ನಿಪ್ಪಲ್ ಅಳೆದು ಅದಕ್ಕೆ ಸರಿಹೋಗುವ ಒಂದನ್ನು ಮಾತ್ರ ತಗೊಂಡರೆ ಆಯಿತು, ಮೂರೂ ಬೇಡ. ಅಳತೆ ಗೊತ್ತಿಲ್ಲದಿದ್ದರೆ ಚಿಕ್ಕದನ್ನೇ ಮೊದಲು ಹಾಕಿ ನೋಡಿ. ಚಿಕ್ಕದು ಕೂರದೇ ಇರಬಹುದು, ನಿಪ್ಪಲ್ ಕೆಡಿಸುವುದಿಲ್ಲ. ದೊಡ್ಡದು ಕೆಡಿಸುತ್ತದೆ.

ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಕಳಚುವ ಪುಲ್ಲರ್ ಅಗ್ಗದ್ದು ಕೊಳ್ಳಲೇಬೇಡಿ. ಚೌಕ ಆಕ್ಸಲ್‌ನ ಕ್ರ್ಯಾಂಕ್ ತೆಗೆಯುವಾಗ ಪುಲ್ಲರ್ ಅನ್ನು ಕ್ರ್ಯಾಂಕಿನ ಒಳಗಿನ 22 ಮಿ.ಮೀ. ಥ್ರೆಡ್‌ಗೆ ಹಾಕಬೇಕು, ಆಮೇಲೆ ನಡುವಿನ ಸ್ಕ್ರೂ ಆಕ್ಸಲ್ ಅನ್ನು ಒತ್ತಿ ಕ್ರ್ಯಾಂಕನ್ನು ಹೊರಗೆ ಎಳೆಯುತ್ತದೆ. ಆ ಥ್ರೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಂನದ್ದು, ಎಳೆತವೆಲ್ಲ ಅದರ ಮೇಲೆ. ಸೆಟ್‌ನ ಪುಲ್ಲರ್ ಥ್ರೆಡ್‌ನಲ್ಲಿ ಕಿತ್ತುಹೋದ ಹಾಗೆ ಅಂಚುಗಳಿದ್ದವು, ಕೈಯಲ್ಲಿ ಎರಡು ಸುತ್ತು ಹಾಕುವಷ್ಟರಲ್ಲೇ ಕರಕರ ಅಂದಿತು. ನಾನು ಅಲ್ಲಿಗೇ ನಿಲ್ಲಿಸಿ ತೆಗೆದುಬಿಟ್ಟೆ. ಒಳ್ಳೆಯದು ಬೆರಳಲ್ಲೇ ಕೊನೆಯವರೆಗೆ ನುಣ್ಣಗೆ ಹೋಗುತ್ತದೆ, ತುದಿಯೂ ಬೇರೆಯಾಗಿ ತಿರುಗುವುದರಿಂದ ಆಕ್ಸಲ್ ಮೇಲೆ ಉಜ್ಜಾಟ ಕಡಿಮೆ. ಈ ಥ್ರೆಡ್ ಹೋದರೆ ಕ್ರ್ಯಾಂಕನ್ನೇ ಬದಲಿಸಬೇಕಾಗಬಹುದು. ಯಾವ ಪುಲ್ಲರ್ ಆದರೂ ಮೊದಲು ಬೋಲ್ಟ್ ಜೊತೆ ವಾಷರನ್ನೂ ತೆಗೆದಿದ್ದೀರಾ ಅಂತ ಇಣುಕಿ ನೋಡಿ.

ಬ್ರೇಕ್ ಮತ್ತು ಗೇರ್ ವೈರ್ ಕತ್ತರಿಸಲು ಮನೆಯ ಕಟಿಂಗ್ ಪ್ಲೇಯರ್ ಸಾಕಾಗುವುದಿಲ್ಲ. ಅದು ವೈರನ್ನು ಎರಡು ಕಡೆಯಿಂದ ಚಪ್ಪಟೆ ಮಾಡುತ್ತದೆ, ಎಳೆಗಳು ಬಿಚ್ಚಿಕೊಳ್ಳುತ್ತವೆ, ಬಿಚ್ಚಿದ ವೈರ್ ಔಟರ್ (ವೈರಿನ ಹೊರಕವಚ) ಒಳಗೆ ಹೋಗುವುದೇ ಇಲ್ಲ. ಗೇರ್ ಔಟರ್‌ನಲ್ಲಿ ತಂತಿಗಳು ಉದ್ದಕ್ಕೆ ಇರುವುದರಿಂದ ಅದು ಇನ್ನೂ ಸುಲಭವಾಗಿ ಜಜ್ಜಿಹೋಗುತ್ತದೆ. ಫೆಲ್ಕೊ ಅಥವಾ ಕ್ನಿಪೆಕ್ಸ್ ವೈರ್ ಕಟರ್ ಸುತ್ತಲೂ ಹಿಡಿದು ಕತ್ತರಿಸುತ್ತದೆ, ತುದಿ ದುಂಡಗೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಮಾತ್ರ ವೈರ್ ಬದಲಿಸುವವರು ಅಂಗಡಿಯಲ್ಲೇ ಕತ್ತರಿಸಿಕೊಂಡು ಬರಬಹುದು, ಅದರಲ್ಲಿ ಏನೂ ತಪ್ಪಿಲ್ಲ.

ಇನ್ನು ಅಗ್ಗದ್ದೇ ಗೆಲ್ಲುವ ಕಡೆಗೆ ಬರೋಣ. ಚೈನ್ ಸವೆದಿದೆಯಾ ಅಂತ ನೋಡಲು ಬೇರೆ ಗೇಜ್ ಬೇಕಿಲ್ಲ, ಇಂಚು ಗುರುತಿರುವ ಒಂದು ಸ್ಟೀಲ್ ಸ್ಕೇಲ್ ಸಾಕು. ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, ಹಾಗಾಗಿ ಹೊಸ ಚೈನಿನಲ್ಲಿ 24 ಕೊಂಡಿ ಸರಿಯಾಗಿ 12 ಇಂಚು ಬರಬೇಕು. ಕೊನೆಯ ಪಿನ್ 1/16 ಇಂಚು ಮುಂದೆ ಹೋಗಿದ್ದರೆ ಸುಮಾರು 0.5 ಶೇಕಡಾ ಹಿಗ್ಗಿದೆ ಅಂತ ಅರ್ಥ, ಬದಲಿಸುವ ಹೊತ್ತು. 1/8 ಇಂಚು ಹೋಗಿದ್ದರೆ ಗೇರಿನ ಹಲ್ಲುಗಳೂ ಸವೆದಿರುವ ಸಾಧ್ಯತೆ ಜಾಸ್ತಿ. ಗೇಜ್‌ಗಳಲ್ಲಿ ಹಲವು ರೋಲರ್‌ನ ಸವೆತವನ್ನೂ ಸೇರಿಸಿ ತೋರಿಸುತ್ತವೆ, ಸ್ಕೇಲ್ ಪಿನ್ನನ್ನೇ ಅಳೆಯುತ್ತದೆ. ಅದಕ್ಕೇ ನನಗೆ ಸ್ಕೇಲ್ ಮೇಲೆ ನಂಬಿಕೆ.

ಟೈರ್ ಲಿವರ್ ಕೂಡ ಹಾಗೆಯೇ, ದಪ್ಪಗಿರುವ ನೈಲಾನಿನದ್ದು ಯಾವುದಾದರೂ ಆದೀತು. ಕಬ್ಬಿಣದ್ದು ಬೇಡ, ರಿಮ್ ಗೀಚುತ್ತದೆ. ಪೆಡಲ್ ಪಾನಾ 15 ಮಿ.ಮೀ. ಉದ್ದ ಹಿಡಿಯದ್ದಾದರೆ ಅಗ್ಗದ್ದೂ ಕೆಲಸ ಮಾಡುತ್ತದೆ. ಎಡ ಪೆಡಲ್ ಉಲ್ಟಾ ಥ್ರೆಡ್ ಅನ್ನುವುದು ನೆನಪಿರಲಿ, ಇಲ್ಲದಿದ್ದರೆ ಬಿಚ್ಚುತ್ತೇನೆ ಅಂತ ಇನ್ನಷ್ಟು ಬಿಗಿ ಮಾಡುತ್ತೀರಿ. ನೆಲದ ಮೇಲೆ ನಿಲ್ಲಿಸಿ ಹೊಡೆಯುವ ಪಂಪ್ ತಗೊಳ್ಳುವಾಗ ಬಾಯಿಯ ರಬ್ಬರ್ ವಾಷರ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ಮೊದಲು ಸೋಲುವುದು ಅದೇ.

ಕ್ಯಾಸೆಟ್ (ಹಿಂದಿನ ಚಕ್ರದ ಗೇರ್ ಹಲ್ಲುಚಕ್ರಗಳ ಗೊಂಚಲು) ಬಿಚ್ಚುವ ಟೂಲ್ ಸೆಟ್‌ನದ್ದನ್ನೇ ಈಗಲೂ ಬಳಸುತ್ತಿದ್ದೇನೆ. ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್‌ನ ಬಿಗಿ 40 ನ್ಯೂಟನ್ ಮೀಟರ್ ಇರುತ್ತದೆ, ಬಿಚ್ಚುವಾಗ ಸಾಕಷ್ಟು ಬಲ ಬೇಕು, ಅಗ್ಗದ ಟೂಲ್ ಅಲ್ಲಾಡಿ ಹಲ್ಲಿನಿಂದ ಹೊರಗೆ ಜಾರಲು ನೋಡುತ್ತದೆ. ಚಕ್ರ ಕ್ವಿಕ್ ರಿಲೀಸ್‌ನದ್ದಾದರೆ (ಲಿವರ್ ತಿರುಗಿಸಿ ಕಳಚುವಂಥದ್ದು) ಆಕ್ಸಲ್ ಒಳಗೆ ಹೋಗುವ ಅದರ ಕಡ್ಡಿಯನ್ನೇ ಟೂಲ್ ಮೂಲಕ ತೂರಿಸಿ ನಟ್ ಹಾಕಿ, ಟೂಲ್ ಅಲ್ಲಾಡದಷ್ಟು ಮೆಲ್ಲಗೆ ಬಿಗಿ ಮಾಡಿ. ಚೈನ್ ವಿಪ್‌ನಿಂದ (ಚೈನ್ ತುಂಡು ಕಟ್ಟಿದ ಹಿಡಿ) ಕ್ಯಾಸೆಟ್ ಹಿಡಿದು ಪಾನಾ ತಿರುಗಿಸಿ. ಕಟಕಟ ಅಂತ ಮೊದಲ ಬಿಗಿ ಬಿಟ್ಟ ತಕ್ಷಣ ಕಡ್ಡಿ ತೆಗೆದುಬಿಡಿ, ಉಳಿದದ್ದು ಕೈಯಲ್ಲೇ ಬರುತ್ತದೆ.